ಫ್ಲೋ ಸೆನ್ಸರ್: ಯಾವುದು ಅನ್ನುವ ಮೊದಲು ಎಲ್ಲಿ ಅನ್ನಿ

ಮಾನ್ಯ ಸಂಪಾದಕರೇ,

ಅಕ್ವೇರಿಯಂಗೆ ಸ್ವಯಂಚಾಲಿತ ನಿಗಾ ವ್ಯವಸ್ಥೆ ಮಾಡಿಕೊಳ್ಳಲು ಹೊರಟವರಿಗೆ ಸಿಗುವ ಸಲಹೆಗಳಲ್ಲಿ ‘ರಿಟರ್ನ್ ಪೈಪಿಗೆ ಒಂದು ಫ್ಲೋ ಸೆನ್ಸರ್ ಹಾಕಿಬಿಡಿ’ ಎಂಬ ಮಾತು ಖಾಯಂ. ಪೈಪಿನಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಅಳೆಯುವ ಸಾಧನವಿದು. ಸಲಹೆ ಅಲ್ಲಿಗೇ ಮುಗಿಯುತ್ತದೆ. ಪೈಪಿನ ಯಾವ ಭಾಗಕ್ಕೆ, ವಾಲ್ವಿಗಿಂತ ಮುಂಚೆಯೋ ಆಮೇಲೋ, ಪೈಪು ಎಷ್ಟು ದೂರ ನೇರವಾಗಿರಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಸೆನ್ಸರು ಎಲ್ಲಿ ಕೈಗೆ ಸಿಗುತ್ತದೋ ಅಲ್ಲಿ ಕೂರುತ್ತದೆ, ಅಂಕಿ ಕುಣಿಯುತ್ತದೆ, ನಡುರಾತ್ರಿ ಸುಮ್ಮಸುಮ್ಮನೆ ಅಲಾರಂ ಹೊಡೆಯುತ್ತದೆ. ಬೇಸತ್ತವರು ಅಲಾರಂ ಬಂದ್ ಮಾಡುತ್ತಾರೆ. ಪಂಪು ನಿಜವಾಗಿ ನಿಲ್ಲುವುದು ಅದಾದ ಮೇಲೆಯೇ. ದೋಷ ಸೆನ್ಸರಿನದ್ದೆಂದು ಬೈಯುವವರು ಅದನ್ನು ಕೂರಿಸಿದ ಜಾಗವನ್ನು ಒಮ್ಮೆ ನೋಡಲಿ ಎಂಬುದಕ್ಕೆ ಈ ಪತ್ರ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದೊಡ್ಡ ಅಕ್ವೇರಿಯಂಗಳಲ್ಲಿ, ಅದರಲ್ಲೂ ಸಮುದ್ರದ ಮೀನು, ಹವಳ ಸಾಕುವ ತೊಟ್ಟಿಗಳಲ್ಲಿ, ಕೆಳಗಿನ ಕಪಾಟಿನೊಳಗೆ ಇನ್ನೊಂದು ತೊಟ್ಟಿ ಇರುತ್ತದೆ. ಅದಕ್ಕೆ ಸಂಪ್ ಎನ್ನುತ್ತಾರೆ. ಮೇಲಿನ ನೀರು ಅಂಚು ದಾಟಿ ಡ್ರೈನ್ ಪೈಪಿನಿಂದ ಸಂಪಿಗೆ ಇಳಿಯುತ್ತದೆ. ಸಂಪಿನ ಕೊನೆಯ ಅಂಕಣದಲ್ಲಿರುವ ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಹೀಗೆ ಮೇಲೇರುವ ಪೈಪೇ ರಿಟರ್ನ್. ಹೀಟರ್, ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್, ದ್ರಾವಣಗಳನ್ನು ಅಳೆದು ಹಾಕುವ ಡೋಸಿಂಗ್ ಎಲ್ಲವೂ ಸಂಪಿನಲ್ಲೇ ಇರುವುದರಿಂದ ರಿಟರ್ನ್ ನಿಂತರೆ ಮೇಲಿನ ತೊಟ್ಟಿಗೂ ಈ ಸಲಕರಣೆಗಳಿಗೂ ಸಂಬಂಧವೇ ಕಡಿದುಹೋಗುತ್ತದೆ.

ಅದರ ಪರಿಣಾಮವನ್ನು ಒಂದು ಲೆಕ್ಕದಲ್ಲೇ ನೋಡಬಹುದು. ಸಂಪಿನಲ್ಲಿ 60 ಲೀಟರ್ ನೀರು, 300 ವ್ಯಾಟ್ ಹೀಟರ್, ಉಷ್ಣತೆ ಅಳೆಯುವ ಕಡ್ಡಿ ಮಾತ್ರ ಮೇಲಿನ ತೊಟ್ಟಿಯಲ್ಲಿ ಎಂದುಕೊಳ್ಳಿ. ರಿಟರ್ನ್ ನಿಂತಾಗ ಮೇಲಿನ ನೀರು ತಣ್ಣಗಾಗುತ್ತಾ ಹೋಗುತ್ತದೆ, ಸಲಕರಣೆಗಳನ್ನು ನಡೆಸುವ ಕಂಟ್ರೋಲರ್ ಹೀಟರನ್ನು ಉರಿಸುತ್ತಲೇ ಇರುತ್ತದೆ. ಹೊರಗೆ ಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಂಪಿನ ನೀರು ಗಂಟೆಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಬೆಳಿಗ್ಗೆ ಯಾರೋ ನೋಡಿ ಪಂಪನ್ನು ಮತ್ತೆ ಚಾಲೂ ಮಾಡಿದರೆ ಆ ಬಿಸಿನೀರೆಲ್ಲ ಒಮ್ಮೆಲೇ ಮೀನಿನ ಮೇಲೆ ಬೀಳುತ್ತದೆ. ಡೋಸಿಂಗ್ ಪಂಪಿನ ಕಥೆಯೂ ಇದೇ. ಹರಿವಿಲ್ಲದ ಸಂಪಿಗೆ ಕ್ಷಾರ ದ್ರಾವಣ ಬೀಳುತ್ತಾ ಹೋದರೆ ಒಂದೇ ಕಡೆ ಸಾಂದ್ರವಾಗಿ ಸುಣ್ಣದಂತೆ ಬೆಳ್ಳಗೆ ಕೂರುತ್ತದೆ. ಪಂಪಿಗೆ ಕರೆಂಟು ಹೋಗುತ್ತಿದೆಯೇ ಎಂದು ನೋಡುವುದರಿಂದ ಇದು ಗೊತ್ತಾಗುವುದಿಲ್ಲ. ನೀರನ್ನು ತಳ್ಳುವ ಒಳಗಿನ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್ ಮುರಿದಿದ್ದರೂ ಮೋಟಾರು ಕರೆಂಟು ಎಳೆಯುತ್ತಿರುತ್ತದೆ. ನೀರು ಹರಿಯುತ್ತಿದೆಯೇ ಎಂಬುದಕ್ಕೆ ನೀರನ್ನೇ ಕೇಳಬೇಕು.

ಹವ್ಯಾಸಿಗಳು ಬಳಸುವ ಸೆನ್ಸರುಗಳಲ್ಲಿ ಬಹುಪಾಲು ಒಂದೇ ತತ್ವದವು. ಒಳಗೆ ರೆಕ್ಕೆಗಳ ಚಕ್ರ, ಚಕ್ರದಲ್ಲಿ ಪುಟ್ಟ ಅಯಸ್ಕಾಂತ, ಗೋಡೆಯ ಆಚೆ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್. ಎಡ್ವಿನ್ ಹಾಲ್ 1879ರಲ್ಲಿ ಗುರುತಿಸಿದ ಪರಿಣಾಮವೇ ಇಲ್ಲಿ ಕೆಲಸ ಮಾಡುವುದು. ಅಯಸ್ಕಾಂತ ಹಾದುಹೋದಾಗೊಮ್ಮೆ ಒಂದು ಪಲ್ಸ್, ಅಂದರೆ ವಿದ್ಯುತ್ ಮಿಡಿತ. ಸೆಕೆಂಡಿಗೆ ಎಷ್ಟು ಪಲ್ಸ್ ಎಂದು ಎಣಿಸಿದರೆ ಹರಿವು ಸಿಗುತ್ತದೆ. ಅರ್ಧ ಇಂಚಿನ ವೈಎಫ್-ಎಸ್201 ಎಂಬ ಮಾದರಿಯಲ್ಲಿ ಲೀಟರಿಗೆ ಸುಮಾರು 450 ಪಲ್ಸ್. ಒಂದು ಇಂಚಿನ ಕೆಲವು ಮಾದರಿಗಳಲ್ಲಿ 288 ಆಸುಪಾಸು. ಅಂದರೆ ಇಂಥದ್ದರಲ್ಲಿ ನಿಮಿಷಕ್ಕೆ 40 ಲೀಟರ್ ಹರಿದರೆ ಸೆಕೆಂಡಿಗೆ 192 ಪಲ್ಸ್ ಬರಬೇಕು. ಇಂಥ ಚಿಕ್ಕ ಸೆನ್ಸರುಗಳ ನಿಖರತೆ ಶೇ 10ರಷ್ಟು ಆಚೀಚೆ ಎಂದು ತಯಾರಕರೇ ಬರೆದಿರುತ್ತಾರೆ. ಅದರಿಂದ ಕಂಗೆಡಬೇಕಿಲ್ಲ. ಗಂಟೆಗೆ 2,400 ಲೀಟರೋ 2,500 ಲೀಟರೋ ಎಂಬುದರಿಂದ ಮೀನಿಗೆ ಆಗಬೇಕಾದ್ದೇನೂ ಇಲ್ಲ. ನಿನ್ನೆಯ ಅಂಕಿಗೂ ಇವತ್ತಿನ ಅಂಕಿಗೂ ಎಷ್ಟು ವ್ಯತ್ಯಾಸ ಎಂಬುದೇ ನಮಗೆ ಬೇಕಾದದ್ದು. ಒಂದೇ ಹರಿವಿಗೆ ಪ್ರತಿಸಲವೂ ಒಂದೇ ಅಂಕಿ ಬರಬೇಕು, ಅಷ್ಟೇ. ಅದು ಸಿಗುವುದು ಸರಿಯಾದ ಜಾಗದಲ್ಲಿ ಮಾತ್ರ.

ಜಾಗ ಹುಡುಕುವ ಮೊದಲು ಬೇಡದ ಜಾಗಗಳನ್ನು ಬದಿಗಿಡೋಣ. ಡ್ರೈನ್ ಪೈಪಿನಲ್ಲಿ ಬೇಡ. ಅಲ್ಲಿ ನೀರೂ ಗಾಳಿಯೂ ಒಟ್ಟಿಗೆ ಇಳಿಯುತ್ತವೆ, ಪೈಪು ತುಂಬಿರುವುದಿಲ್ಲ, ಜೊತೆಗೆ ಪಾಚಿ, ಎಲೆ, ಬಸವನಹುಳು ಎಲ್ಲ ಚಕ್ರಕ್ಕೆ ಸಿಕ್ಕುತ್ತವೆ. ಸೆನ್ಸರು ಜಾಮ್ ಆಗಿ ಡ್ರೈನ್ ಕಟ್ಟಿಕೊಂಡರೆ ಮೇಲಿನ ತೊಟ್ಟಿ ತುಂಬಿ ನೆಲಕ್ಕೆ ಚೆಲ್ಲುತ್ತದೆ. ನಿಗಾ ಇಡಲು ಹಾಕಿದ್ದೇ ಅನಾಹುತ ತಂದಂತಾಯಿತು. ಪಂಪಿನ ಹೀರುವ ಬದಿಯಲ್ಲೂ ಬೇಡ. ಅಲ್ಲಿ ಅಡ್ಡಿಯಿಟ್ಟರೆ ಪಂಪು ನೀರಿಗೆ ಒದ್ದಾಡುತ್ತದೆ. ತೊಟ್ಟಿಯ ಅಂಚು ದಾಟಿ ಬಾಗಿ ಇಳಿಯುವ ಕೊಕ್ಕಿನಲ್ಲೂ ಬೇಡ. ಅದು ಇಡೀ ಪೈಪಿನ ಅತಿ ಎತ್ತರದ ಜಾಗ. ಒತ್ತಡ ಅಲ್ಲಿ ಕಡಿಮೆ, ಗುಳ್ಳೆಗಳು ಬಂದು ತಂಗುವುದೂ ಅಲ್ಲೇ. ಪಂಪಿನ ಬಾಯಿಗೆ ಅಂಟಿದಂತೆ ಹಾಕುವುದೂ ತಪ್ಪು. ಇಂಪೆಲ್ಲರಿನಿಂದ ಹೊರಬರುವ ನೀರು ಹುರಿ ಹೊಸೆದಂತೆ ಸುತ್ತುತ್ತಿರುತ್ತದೆ. ಸಾಲದ್ದಕ್ಕೆ ಪಂಪಿನ ರೋಟರ್ ಸ್ವತಃ ದೊಡ್ಡ ಅಯಸ್ಕಾಂತ. ಹಾಲ್ ಸೆನ್ಸರಿಗೆ ಅದೂ ಕಾಣುತ್ತದೆ. ಇವೆರಡರ ನಡುವೆ ಒಂದು ಗೇಣಾದರೂ ಅಂತರ ಬೇಕು.

ಉಳಿಯುವುದು ಸಂಪಿನಿಂದ ನೆಟ್ಟಗೆ ಮೇಲೇರುವ ಪೈಪು. ಅದೇ ಅತ್ಯುತ್ತಮ ಜಾಗ. ಮೇಲೇರುವ ಪೈಪು ಪಂಪು ಓಡುತ್ತಿರುವಷ್ಟು ಹೊತ್ತೂ ತುಂಬಿಯೇ ಇರುತ್ತದೆ. ಗುಳ್ಳೆ ಬಂದರೂ ನೀರಿನ ಜೊತೆಗೇ ಮೇಲಕ್ಕೆ ಹೋಗಿಬಿಡುತ್ತದೆ, ಕಸ ಕೂರುವುದಕ್ಕೆ ಮೂಲೆ ಇರುವುದಿಲ್ಲ. ಅಡ್ಡ ಪೈಪಿನಲ್ಲೇ ಹಾಕಬೇಕಾಗಿ ಬಂದರೆ ಸೆನ್ಸರಿನ ಉಬ್ಬು ಭಾಗ ಪಕ್ಕಕ್ಕೆ ತಿರುಗಿರಲಿ. ಮೇಲಕ್ಕಿದ್ದರೆ ಗಾಳಿ ಸೇರುತ್ತದೆ, ಕೆಳಕ್ಕಿದ್ದರೆ ಮಣ್ಣು. ನೀರು ಕೆಳಮುಖವಾಗಿ ಇಳಿಯುವ ಪೈಪಿನಲ್ಲಂತೂ ಹಾಕಲೇಬಾರದು.

ನೇರ ಪೈಪಿನ ಉದ್ದಕ್ಕೆ ಹಳೆಯ ರೂಢಿಯೊಂದಿದೆ: ಸೆನ್ಸರಿಗೆ ನೀರು ಬರುವ ಕಡೆ ಪೈಪಿನ ಒಳವ್ಯಾಸದ 10 ಪಟ್ಟು, ಹೋಗುವ ಕಡೆ 5 ಪಟ್ಟು. ಒಳವ್ಯಾಸ 25 ಮಿಲಿಮೀಟರ್ ಆದರೆ ಕೆಳಗೆ 25 ಸೆಂಟಿಮೀಟರ್, ಮೇಲೆ 12.5 ಸೆಂಟಿಮೀಟರ್. ಈ ಅಂತರದಲ್ಲಿ ಎಲ್ಬೋ (ಬಾಗು), ಟೀ (ಕವಲು), ರಿಡ್ಯೂಸರ್ (ಗಾತ್ರ ಇಳಿಸುವ ಜೋಡಣೆ), ವಾಲ್ವ್ ಯಾವುದೂ ಬರಬಾರದು. ಕಾರಣ ಸರಳ. ಎಲ್ಬೋ ದಾಟಿದ ನೀರು ಹೊರಗೋಡೆಗೆ ಒತ್ತಿಕೊಂಡು ಹರಿಯುತ್ತದೆ, ಒಳಗೋಡೆಯ ಬದಿ ನಿಧಾನವಾಗುತ್ತದೆ. ಒಂದರ ಮೇಲೊಂದು ಎರಡು ಎಲ್ಬೋ ಬೇರೆಬೇರೆ ದಿಕ್ಕಿಗೆ ತಿರುಗಿದ್ದರೆ ನೀರು ಸುಳಿಯಾಗಿ ತಿರುಗತೊಡಗುತ್ತದೆ, ಆ ಸುಳಿ ಬೇಗ ಸಾಯುವುದಿಲ್ಲ. ಚಕ್ರದ ಅಚ್ಚು ಪೈಪಿನ ಉದ್ದಕ್ಕೇ ಇರುವ ಟರ್ಬೈನ್ ಮಾದರಿ ಇಂಥ ಸುಳಿಗೆ ಸುಲಭವಾಗಿ ಮೋಸಹೋಗುತ್ತದೆ. ಸುಳಿ ತಾನೇ ಚಕ್ರವನ್ನು ತಿರುಗಿಸಬಹುದು, ಇಲ್ಲವೇ ತಡೆಯಬಹುದು. ನೀರು ಚಕ್ರದ ಅಂಚಿಗೆ ಬಡಿಯುವ ಚಿಕ್ಕ ಮಾದರಿಗಳು ಕೊಂಚ ಸಹಿಸಿಕೊಳ್ಳುತ್ತವೆ. ಕಪಾಟಿನೊಳಗೆ ಇಷ್ಟು ಜಾಗವಿಲ್ಲ ಎನ್ನುವವರು ನೀರು ಬರುವ ಬದಿಯ ಉದ್ದವನ್ನಾದರೂ ಉಳಿಸಿಕೊಂಡು ಹೋಗುವ ಬದಿಯಲ್ಲಿ ರಾಜಿಯಾಗಲಿ. ಅದೂ ಆಗದಿದ್ದರೆ ಇರುವ ಜಾಗದಲ್ಲೇ ಹಾಕಿ, ಅಲ್ಲೇ ಕ್ಯಾಲಿಬ್ರೇಟ್ ಮಾಡಿ (ನಿಜವಾದ ಹರಿವಿಗೆ ಅಂಕಿಯನ್ನು ಹೊಂದಿಸಿ), ಮತ್ತೆಂದೂ ಅಲುಗಿಸದಿರಿ. ಅಂಕಿ ತಪ್ಪಿದ್ದರೂ ಪ್ರತಿದಿನ ಒಂದೇ ರೀತಿ ತಪ್ಪಿದ್ದರೆ ನಡೆಯುತ್ತದೆ.

ವಾಲ್ವಿನ ವಿಷಯದಲ್ಲಿ ರಾಜಿ ಬೇಡ. ಹರಿವು ಕಡಿಮೆ ಮಾಡುವ ಬಾಲ್ ವಾಲ್ವ್ ಅಥವಾ ಗೇಟ್ ವಾಲ್ವ್ ಸೆನ್ಸರಿನ ನಂತರವೇ ಬರಬೇಕು. ಅರ್ಧ ಮುಚ್ಚಿದ ಬಾಲ್ ವಾಲ್ವಿನಿಂದ ನೀರು ಒಂದು ಪಕ್ಕಕ್ಕೆ ಪಿಚಕಾರಿಯಂತೆ ಚಿಮ್ಮುತ್ತದೆ. ಅದರ ನಂತರ ಸೆನ್ಸರಿಟ್ಟರೆ ಹರಿವಿಗೆ ಬದಲು ಆ ಚಿಮ್ಮುವಿಕೆಯನ್ನು ಅಳೆದಂತೆ. ವಾಲ್ವ್ ಆಮೇಲೆ ಇದ್ದರೆ ಸೆನ್ಸರಿನೊಳಗೆ ಒತ್ತಡವೂ ಚೆನ್ನಾಗಿರುತ್ತದೆ, ಗುಳ್ಳೆಗಳೂ ಸಣ್ಣಗಾಗುತ್ತವೆ. ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಇದ್ದರೆ ಅದು ಕೆಳಗಡೆ, ಅದರ ಮೇಲೆ ಆ 10 ಪಟ್ಟು ನೇರ ಪೈಪು. ಒಟ್ಟು ಸಾಲು ಕೆಳಗಿನಿಂದ ಹೀಗೆ: ಪಂಪು, ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಕೂಡುಭಾಗ), ಚೆಕ್ ವಾಲ್ವ್, ನೇರ ಪೈಪು, ಯೂನಿಯನ್, ಸೆನ್ಸರ್, ಯೂನಿಯನ್, ನೇರ ಪೈಪು, ಗೇಟ್ ವಾಲ್ವ್, ತೊಟ್ಟಿ. ಸೆನ್ಸರಿನ ಎರಡೂ ಬದಿಗೆ ಯೂನಿಯನ್ ಕೊಡಲು ಜಿಪುಣತನ ಮಾಡಬಾರದು. ಬಿಚ್ಚಲು ಬಾರದ ಸೆನ್ಸರನ್ನು ಯಾರೂ ತೊಳೆಯುವುದಿಲ್ಲ. ಈ ಯೂನಿಯನ್‌ಗಳು ಸಂಪಿನ ಬಾಯಿಗೆ ನೇರ ಮೇಲಿರಲಿ. ಬಿಚ್ಚಿದಾಗ ಚೆಲ್ಲುವ ನೀರು, ಸೋರಿದರೆ ತೊಟ್ಟಿಕ್ಕುವ ನೀರು ಎರಡೂ ಸಂಪಿಗೇ ಬೀಳುತ್ತವೆ.

ರಿಟರ್ನ್ ಪೈಪಿನಿಂದಲೇ ಟೀ ಹಾಕಿ ನೀರನ್ನು ಸಂಸ್ಕರಿಸುವ ರಿಯಾಕ್ಟರಿಗೂ ಯುವಿ ದೀಪಕ್ಕೂ ಕವಲು ಕೊಡುವವರಿದ್ದಾರೆ. ಅಂಥಲ್ಲಿ ಒಂದೇ ಸೆನ್ಸರ್ ಇದ್ದರೆ ಅದು ಕೊನೆಯ ಕವಲು ದಾಟಿದ ಮೇಲೆ, ತೊಟ್ಟಿಗೆ ಹೋಗುವ ಭಾಗದಲ್ಲಿರಲಿ. ಮೊದಲೇ ಇಟ್ಟರೆ ಪಂಪಿನ ಒಟ್ಟು ಹರಿವು ಕಾಣುತ್ತದೆಯೇ ಹೊರತು ತೊಟ್ಟಿಗೆ ಎಷ್ಟು ತಲುಪಿತೆಂದು ತಿಳಿಯುವುದಿಲ್ಲ. ಎರಡು ಸೆನ್ಸರ್ ಹಾಕಿ ವ್ಯತ್ಯಾಸ ತೆಗೆದರೆ ಕವಲಿನ ಹರಿವು ಸಿಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಕಾಗದದ ಮೇಲೆ ಸರಿ. ಒಟ್ಟು 40 ಲೀಟರ್, ತೊಟ್ಟಿಗೆ 34, ಕವಲಿಗೆ 6 ಎಂದಿಟ್ಟುಕೊಳ್ಳಿ. ಎರಡೂ ಸೆನ್ಸರ್ ಶೇ 5ರಷ್ಟು ತಪ್ಪಿದರೆ ಒಂದರಲ್ಲಿ 2 ಲೀಟರ್, ಇನ್ನೊಂದರಲ್ಲಿ 1.7. ಎರಡೂ ತಪ್ಪು ಕೂಡಿಕೊಂಡರೆ 6 ಲೀಟರಿನ ಅರ್ಧಕ್ಕಿಂತ ಹೆಚ್ಚು ಸುಳ್ಳೇ ಆಯಿತು. ಕವಲಿನ ಲೆಕ್ಕ ಬೇಕಿದ್ದವರು ಕವಲಿಗೇ ಒಂದು ಚಿಕ್ಕ ಸೆನ್ಸರ್ ಹಾಕಿಕೊಳ್ಳುವುದು ಮೇಲು.

ಗಾತ್ರದ ಬಗ್ಗೆ ಆಗುವ ತಪ್ಪು ಸಾಮಾನ್ಯ. ಗಂಟೆಗೆ 3,000 ಲೀಟರ್ ಹರಿಯುವ ಒಂದು ಇಂಚಿನ ಪೈಪಿಗೆ ರಿಡ್ಯೂಸರ್ ಹಾಕಿ ಅರ್ಧ ಇಂಚಿನ ಸೆನ್ಸರ್ ತುರುಕುತ್ತಾರೆ. ಅದರ ಗರಿಷ್ಠ ಮಿತಿಯೇ ನಿಮಿಷಕ್ಕೆ 30 ಲೀಟರ್, ಅಂದರೆ ಗಂಟೆಗೆ 1,800. ಮಿತಿ ಮೀರಿ ತಿರುಗುವ ಚಕ್ರ ಬೇಗ ಸವೆಯುತ್ತದೆ, ಪೈಪಿನ ಹರಿವೂ ಕುಗ್ಗುತ್ತದೆ. ಮುಕ್ಕಾಲು ಇಂಚಿಗೆ ಇಳಿಸಿದರೂ ಒತ್ತಡದ ನಷ್ಟ ತಪ್ಪುವುದಿಲ್ಲ. ಗಂಟೆಗೆ 3,000 ಲೀಟರ್ ಹರಿವು 25 ಮಿಲಿಮೀಟರ್ ಒಳವ್ಯಾಸದಲ್ಲಿ ಸೆಕೆಂಡಿಗೆ 1.7 ಮೀಟರ್ ವೇಗದಲ್ಲಿ ಓಡುತ್ತದೆ. 20 ಮಿಲಿಮೀಟರಿಗೆ ಇಳಿದರೆ ವೇಗ 2.65 ಮೀಟರ್. ನಷ್ಟ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅಷ್ಟು ಭಾಗದಲ್ಲಿ ಅದು ಸುಮಾರು ಎರಡೂವರೆ ಪಟ್ಟಾಗುತ್ತದೆ. ಪಂಪಿನ ಡಬ್ಬಿಯ ಮೇಲಿನ ಲೀಟರ್ ಲೆಕ್ಕ ಎತ್ತರವೇ ಇಲ್ಲದಾಗಿನದ್ದು. ಒಂದೂವರೆ ಮೀಟರ್ ಎತ್ತರಕ್ಕೆ ಎತ್ತುವ ಪಂಪಿನಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದ ಪೈಪಿನ ಅಳತೆಯದೇ ಸೆನ್ಸರ್ ತೆಗೆದುಕೊಳ್ಳಿ. ದಿನನಿತ್ಯದ ಹರಿವು ಅದರ ಗರಿಷ್ಠ ಮಿತಿಯ ಶೇ 30ರಿಂದ 70ರೊಳಗೆ ಬರುವಂತಿರಲಿ.

ಉಪ್ಪುನೀರಿನ ತೊಟ್ಟಿಗೆ ಹಿತ್ತಾಳೆ ಮೈಯ ಸೆನ್ಸರ್ ಕೂಡದು. ಹಿತ್ತಾಳೆಯ ತಾಮ್ರ ಹವಳಕ್ಕೂ ಸೀಗಡಿಗೂ ವಿಷ. ಪ್ಲಾಸ್ಟಿಕ್ ಮೈ ಇದ್ದರೂ ಒಳಗಿನ ಅಚ್ಚು ಏನೆಂದು ನೋಡಬೇಕು. ಸಾಧಾರಣ ಸ್ಟೇನ್‌ಲೆಸ್ ಸ್ಟೀಲ್ ಉಪ್ಪುನೀರಿನಲ್ಲಿ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಸೆರಾಮಿಕ್ ಅಥವಾ ಟೈಟಾನಿಯಂ ಅಚ್ಚು ಒಳ್ಳೆಯದು. ಚಕ್ರದ ಅಯಸ್ಕಾಂತ ಪೂರ್ತಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿರಬೇಕು. ಬಿರುಕು ಕಂಡರೆ ಆ ಸೆನ್ಸರ್ ಸಿಹಿನೀರಿಗೂ ಬೇಡ. ಚಲಿಸುವ ಭಾಗವೇ ಬೇಡ ಎನ್ನುವವರಿಗೆ ಅಲ್ಟ್ರಾಸೋನಿಕ್, ಎಲೆಕ್ಟ್ರೋಮ್ಯಾಗ್ನೆಟಿಕ್ ಮಾದರಿಗಳಿವೆ. ಎರಡನೆಯದಕ್ಕೆ ನೀರು ವಿದ್ಯುತ್ ಹರಿಸುವಂತಿರಬೇಕು, ಸಮುದ್ರದ ನೀರು ಅದಕ್ಕೆ ಹೇಳಿಮಾಡಿಸಿದ್ದು. ಆದರೆ ಪೈಪು ತುಂಬಿರಬೇಕು, ಗುಳ್ಳೆ ಇರಬಾರದು, ನೇರ ಉದ್ದ ಬೇಕು ಎಂಬ ನಿಯಮಗಳು ಇವಕ್ಕೂ ಅನ್ವಯ.

ಜೋಡಿಸುವಾಗ ಮೂರು ಕಡೆ ಕೈತಪ್ಪುತ್ತದೆ. ಮೊದಲನೆಯದು ಥ್ರೆಡ್. ಅದರಲ್ಲಿ ಬ್ರಿಟಿಷ್ ಅಳತೆಯ ಬಿಎಸ್‌ಪಿ, ಅಮೆರಿಕದ ಎನ್‌ಪಿಟಿ ಎಂದು ಎರಡು ಬಗೆ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು ಇರುವುದರಿಂದ ಹೇಗೋ ಒಂದಕ್ಕೊಂದು ಹೊಂದಿಕೊಂಡಂತೆ ಕಾಣುತ್ತದೆ. ಒಂದು ಇಂಚಿನಲ್ಲಿ ಬಿಎಸ್‌ಪಿಗೆ 11, ಎನ್‌ಪಿಟಿಗೆ 11.5. ಎರಡು ಸುತ್ತು ತಿರುಗಿ ಬಿಗಿಯಾಗುತ್ತದೆ, ಸರಿಯಾಗಿ ಕೂತಿತೆಂದು ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಹಲವು ಸೆನ್ಸರುಗಳ ಥ್ರೆಡ್ ಕೊನೆತನಕ ಒಂದೇ ದಪ್ಪದ್ದಾಗಿರುತ್ತದೆ. ಇಂಥವುಗಳಲ್ಲಿ ನೀರು ತಡೆಯುವುದು ತುದಿಯ ರಬ್ಬರ್ ವಾಷರ್, ಟೇಪಲ್ಲ. ಕೈಯಲ್ಲಿ ಬಿಗಿ ಮಾಡಿ ಮೇಲೊಂದು ಕಾಲು ಸುತ್ತು ಸಾಕು. ಟೆಫ್ಲಾನ್ ಟೇಪ್ ಸುತ್ತಲೇಬೇಕಾದ ಕಡೆ ತುದಿಯ ಮೊದಲ ಥ್ರೆಡ್ ಖಾಲಿ ಬಿಡಿ. ಅಲ್ಲಿ ಸುತ್ತಿದ ಟೇಪಿನ ಎಳೆ ಬಿಚ್ಚಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ.

ಎರಡನೆಯದು ಸಾಲ್ವೆಂಟ್ ಸಿಮೆಂಟ್, ಅಂದರೆ ಪಿವಿಸಿ ಪೈಪಿನ ಅಂಟು. ಸೆನ್ಸರನ್ನು ಜೋಡಿಸಿಟ್ಟುಕೊಂಡು ಪಕ್ಕದ ಪೈಪಿಗೆ ಅಂಟು ಹಚ್ಚಬಾರದು. ಒಳಗೆ ಹರಿದ ಅಂಟಿನ ಒಂದು ಹನಿ ಚಕ್ರವನ್ನು ಶಾಶ್ವತವಾಗಿ ನಿಲ್ಲಿಸಬಲ್ಲದು. ಮೊದಲು ಅಂಟಿಲ್ಲದೆ ಎಲ್ಲ ಜೋಡಿಸಿ ಗುರುತು ಹಾಕಿಕೊಂಡು, ಸೆನ್ಸರ್ ತೆಗೆದಿಟ್ಟು, ಅಂಟಿಸಿ 24 ಗಂಟೆ ಒಣಗಲು ಬಿಡಬೇಕು. ಮೂರನೆಯದು ಗರಗಸದ ಪುಡಿ. ಹೊಸ ಪೈಪಿನೊಳಗೆ ಪಿವಿಸಿ ಚೂರು ಇದ್ದೇ ಇರುತ್ತದೆ. ಸೆನ್ಸರಿನ ಉದ್ದಕ್ಕೆ ಸರಿಯಾಗಿ ಒಂದು ತುಂಡು ಪೈಪು ಕತ್ತರಿಸಿ, ಯೂನಿಯನ್‌ಗಳ ನಡುವೆ ಕೂರಿಸಿ, ಎರಡು ದಿನ ಪಂಪು ಓಡಿಸಿ, ಆಮೇಲೆ ಸೆನ್ಸರ್ ಹಾಕಿ. ಆ ತುಂಡನ್ನು ಎಸೆಯಬೇಡಿ, ಸೆನ್ಸರ್ ತೊಳೆಯುವ ದಿನಗಳಲ್ಲಿ ಬದಲಿಯಾಗಿ ಅದೇ ಬೇಕು. ಸೆನ್ಸರಿನ ಮೈಮೇಲಿನ ಬಾಣ ಮೇಲ್ಮುಖವಾಗಿದೆಯೇ ಎಂದು ಬಿಗಿ ಮಾಡುವ ಮೊದಲೇ ನೋಡಿಕೊಳ್ಳಬೇಕು ಎಂದು ಹೇಳುವುದು ತಮಾಷೆಯಾಗಿ ಕೇಳಿಸಬಹುದು. ಆದರೂ ಹೇಳಬೇಕಾಗಿದೆ.

ವೈರಿಂಗ್ ದೊಡ್ಡದಲ್ಲ. ಸಾಮಾನ್ಯವಾಗಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಳದಿ ಸಿಗ್ನಲ್. ಒಳಗೆ ಪುಲ್-ಅಪ್ (ಪಲ್ಸ್ ಇಲ್ಲದಾಗ ಸಿಗ್ನಲನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಡುವ ರೆಸಿಸ್ಟರ್) ಇಲ್ಲದ ಮಾದರಿಗೆ ಸಿಗ್ನಲ್ ಮತ್ತು 5 ವೋಲ್ಟಿನ ನಡುವೆ 10 ಕಿಲೋಓಮ್. ಕಂಟ್ರೋಲರ್ 3.3 ವೋಲ್ಟಿನದ್ದಾದರೆ ಸಿಗ್ನಲನ್ನು ನೇರ ಕೊಡಬಾರದು. ಒಳಗೇ ಪುಲ್-ಅಪ್ ಇರುವ ಮಾದರಿಗೆ 10 ಮತ್ತು 20 ಕಿಲೋಓಮ್ ರೆಸಿಸ್ಟರುಗಳಿಂದ ವೋಲ್ಟೇಜ್ ಇಳಿಸಿ ಕೊಡಿ. ಹೊರಗೆ ಪುಲ್-ಅಪ್ ಹಾಕುವುದಾದರೆ ಅದನ್ನು 5 ವೋಲ್ಟಿನ ಬದಲು 3.3 ವೋಲ್ಟಿಗೇ ಕಟ್ಟಿದರೆ ಇಳಿಸುವ ರಗಳೆಯೇ ಇಲ್ಲ. ಪಂಪಿನ ಕರೆಂಟು ವೈರಿನ ಜೊತೆ ಸೆನ್ಸರಿನ ವೈರನ್ನು ಕಟ್ಟಿ ಎಳೆಯಬೇಡಿ. ಪಂಪು ನಿಂತಾಗಲೂ ಪಲ್ಸ್ ಬರುತ್ತಿದ್ದರೆ ಹತ್ತರಲ್ಲಿ ಎಂಟು ಸಲ ಅದೇ ಕಾರಣ. ಶೀಲ್ಡ್ ಇರುವ ವೈರು, ಕಂಟ್ರೋಲರಿನ ಬಳಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಬಹುಮಟ್ಟಿಗೆ ಅಡಗುತ್ತದೆ. ಕನೆಕ್ಟರ್ ನೀರಿನ ಮಟ್ಟಕ್ಕಿಂತ ಮೇಲಿರಲಿ. ವೈರು ಅದಕ್ಕೆ ಸೇರುವ ಮೊದಲು ಕೆಳಕ್ಕೆ ಜೋತು ಮತ್ತೆ ಮೇಲೇರಲಿ, ಹನಿ ಅಲ್ಲೇ ಉದುರಿಹೋಗುತ್ತದೆ.

ಕ್ಯಾಲಿಬ್ರೇಷನ್‌ಗೆ ಬೇಕಾದದ್ದು ಅಳತೆ ಗುರುತಿರುವ 20 ಲೀಟರಿನ ಬಕೆಟ್ ಮತ್ತು ಗಡಿಯಾರ. ರಿಟರ್ನ್ ನೀರನ್ನು ಬಕೆಟ್ಟಿಗೆ ಹಿಡಿಯುವಾಗ ಪೈಪಿನ ಬಾಯಿ ತೊಟ್ಟಿಯ ನೀರಿನ ಮಟ್ಟದಲ್ಲೇ ಇರಬೇಕು. ಬಾಯಿಯನ್ನು ನೆಲದ ಹತ್ತಿರ ಇಳಿಸಿದರೆ ಎತ್ತರ ಕಡಿಮೆಯಾಗಿ ಹರಿವು ಹೆಚ್ಚುತ್ತದೆ, ಅಳೆದದ್ದು ಬೇರೆಯೇ ಆಗುತ್ತದೆ. 20 ಲೀಟರ್ ತುಂಬಲು 30 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 40 ಲೀಟರ್. ಅಷ್ಟರಲ್ಲಿ 5,400 ಪಲ್ಸ್ ಬಂದಿದ್ದರೆ ಲೀಟರಿಗೆ 270. ಪುಸ್ತಕದಲ್ಲಿ 288 ಎಂದಿದ್ದರೂ ನಿಮ್ಮ ಪೈಪಿಗೆ ಸತ್ಯ 270. ವಾಲ್ವ್ ತಿರುಗಿಸಿ ಪೂರ್ಣ, ಮುಕ್ಕಾಲು, ಅರ್ಧ ಹರಿವಿನಲ್ಲಿ ಮತ್ತೆ ಅಳೆಯಿರಿ, ಪ್ರತಿಯೊಂದನ್ನೂ ಮೂರು ಸಲ. ಕಂಟ್ರೋಲರ್ ತೋರಿಸುವ ಅಂಕಿ 10 ಸೆಕೆಂಡುಗಳ ಸರಾಸರಿಯಾಗಿರಲಿ. ಒಂದೊಂದು ಸೆಕೆಂಡಿನ ಅಂಕಿ ನೋಡುತ್ತಾ ಕೂತರೆ ನೆಮ್ಮದಿ ಹಾಳು.

ಇನ್ನು ಹೆಚ್ಚಿನವರು ಎಡವುವ ಜಾಗ: ಪಂಪು ನಿಂತಾಗ ಏನಾಗುತ್ತದೆ ಎಂಬುದು. ಚೆಕ್ ವಾಲ್ವ್ ಇಲ್ಲದಿದ್ದರೆ ಪಂಪು ನಿಂತ ಕೂಡಲೇ ಮೇಲಿನ ನೀರು ಅದೇ ಪೈಪಿನಿಂದ ಹಿಂದಕ್ಕೆ ಇಳಿಯುತ್ತದೆ. ಪೈಪಿನ ಬಾಯಿ ಗಾಳಿ ಎಳೆದುಕೊಳ್ಳುವವರೆಗೂ ಇಳಿಯುತ್ತಲೇ ಇರುತ್ತದೆ. ಚಕ್ರ ಹಿಮ್ಮುಖ ತಿರುಗುತ್ತದೆ, ಆದರೆ ಒಂದೇ ಹಾಲ್ ಸೆನ್ಸರಿಗೆ ದಿಕ್ಕು ತಿಳಿಯದು. ಪಲ್ಸ್ ಬರುತ್ತಿದೆ, ಹಾಗಾಗಿ ಹರಿವಿದೆ ಎಂದೇ ಅದು ವರದಿ ಮಾಡುತ್ತದೆ. ಪಂಪು ಸತ್ತಿದ್ದರೂ ಕಂಟ್ರೋಲರ್ ನೆಮ್ಮದಿಯಿಂದಿರುತ್ತದೆ. ಹೀಗಾಗಿ ಶೂನ್ಯದ ಅಲಾರಂ ಒಂದೆರಡು ನಿಮಿಷ ತಡವಾಗಿ ಬಂದರೆ ಅದು ಕೆಟ್ಟಿದೆ ಎಂದಲ್ಲ.

ಈ ದೋಷವನ್ನೇ ಉಪಯೋಗಕ್ಕೆ ತಂದುಕೊಳ್ಳಬಹುದು. ಹಿಮ್ಮುಖ ಹರಿವು ಬೇಗ ನಿಲ್ಲಲೆಂದು ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಕೊರೆದಿರುತ್ತಾರೆ. ಮಟ್ಟ ಇಳಿದು ತೂತು ಗಾಳಿಗೆ ತೆರೆದುಕೊಂಡರೆ ಸೈಫನ್, ಅಂದರೆ ನೀರು ತಾನಾಗಿ ಎಳೆದುಕೊಂಡು ಇಳಿಯುವುದು, ಮುರಿಯುತ್ತದೆ. ಪಾಚಿಯೋ ಬಸವನಹುಳುವೋ ಆ ತೂತನ್ನು ಮುಚ್ಚಿದರೆ ನೀರು ಪೈಪಿನ ಬಾಯಿಯವರೆಗೂ ಇಳಿಯುತ್ತದೆ. 120 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 6 ಲೀಟರ್. ಮಟ್ಟ 3 ಸೆಂಟಿಮೀಟರ್ ಇಳಿದು ನಿಂತರೆ 18 ಲೀಟರ್, 10 ಸೆಂಟಿಮೀಟರ್ ಇಳಿದರೆ 60 ಲೀಟರ್. ಸಂಪಿನಲ್ಲಿ ಅಷ್ಟು ಜಾಗವಿದೆಯೇ? ಎಲ್ಲ ಚೊಕ್ಕವಾಗಿರುವ ದಿನ ಪಂಪನ್ನು ಬೇಕೆಂದೇ ನಿಲ್ಲಿಸಿ, ಪಲ್ಸ್ ನಿಲ್ಲಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಅದು 40 ಸೆಕೆಂಡ್ ಎಂದಿರಲಿ. ಮುಂದೊಂದು ದಿನ ಆಹಾರ ಹಾಕಲು ಪಂಪು ನಿಲ್ಲಿಸಿದಾಗ 90 ಸೆಕೆಂಡ್ ಹಿಡಿದರೆ ತೂತು ಕಟ್ಟಿದೆ ಎಂದು ಅರ್ಥ. ಕರೆಂಟು ಹೋಗಿ ನೆಲ ನೆನೆಯುವ ಮೊದಲೇ ಗೊತ್ತಾಯಿತು. ಹಿಮ್ಮುಖದಲ್ಲಿ ಲೀಟರಿನ ಗುಣಕ ಬೇರೆಯಾಗುವುದರಿಂದ ಪಲ್ಸಿನಿಂದ ಲೀಟರ್ ಲೆಕ್ಕ ಹಾಕಲು ಹೋಗಬೇಡಿ, ಸಮಯ ಸಾಕು.

ಚೆಕ್ ವಾಲ್ವ್ ಇದೆಯಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ. ಅದರ ಮುಚ್ಚಳಕ್ಕೆ ಒಂದು ಮರಳಿನ ಕಣ ಸಿಕ್ಕರೂ ನೀರು ಸೋರುತ್ತದೆ. ಸೋರಿಕೆ ನಿಮಿಷಕ್ಕೆ ಅರ್ಧ ಲೀಟರ್ ಎಂದರೂ ಗಂಟೆಗೆ 30 ಲೀಟರ್ ಆಯಿತು. ಆದರೆ ಇಂಥ ಸೆನ್ಸರುಗಳು ನಿಮಿಷಕ್ಕೆ ಸುಮಾರು ಒಂದು ಲೀಟರಿಗಿಂತ ಕಡಿಮೆ ಹರಿವಿಗೆ ತಿರುಗುವುದೇ ಇಲ್ಲ. ಈ ಸೋರಿಕೆಯನ್ನು ಫ್ಲೋ ಸೆನ್ಸರ್ ಹಿಡಿಯಲಾರದು. ಅದಕ್ಕೆ ಸಂಪಿನ ಅಂಚಿನಲ್ಲಿ ನೀರಿನ ಮಟ್ಟ ನೋಡುವ ಫ್ಲೋಟ್ ಸ್ವಿಚ್ಚೇ ಬೇಕು.

ಅಲಾರಂಗೆ ಮೂರು ಮಿತಿ ಇಟ್ಟುಕೊಂಡರೆ ಸಾಕು. ವಾಡಿಕೆಯ ಹರಿವಿನ ಶೇ 80ಕ್ಕಿಂತ ಕೆಳಗೆ 5 ನಿಮಿಷ ಇದ್ದರೆ ಎಚ್ಚರಿಕೆ. ಶೂನ್ಯಕ್ಕಿಳಿದು ಒಂದು ನಿಮಿಷವಾದರೆ ಜೋರು ಅಲಾರಂ. ಶೇ 115 ದಾಟಿದರೂ ಅಲಾರಂ. ಇದನ್ನು ಬಹಳ ಜನ ಮರೆಯುತ್ತಾರೆ. ಹರಿವು ಇದ್ದಕ್ಕಿದ್ದಂತೆ ಹೆಚ್ಚಾಯಿತೆಂದರೆ ಮೇಲೆಲ್ಲೋ ಪೈಪು ಕಳಚಿಕೊಂಡು ಎತ್ತರ ಕಡಿಮೆಯಾಗಿದೆ, ನೀರು ತೊಟ್ಟಿಗೆ ಹೋಗುತ್ತಿಲ್ಲ ಎಂಬ ಸಾಧ್ಯತೆ ಮೊದಲು ಹೊಳೆಯಬೇಕು. ವೇಗ ಬದಲಿಸಬಲ್ಲ ಡಿಸಿ ಪಂಪಿಗೆ ಪ್ರತಿ ವೇಗಕ್ಕೂ ಬೇರೆ ಅಂಕಿ ಬರೆದಿಟ್ಟುಕೊಳ್ಳಬೇಕು. ಆಹಾರ ಹಾಕುವ ಹೊತ್ತಿನಲ್ಲೂ ಕರೆಂಟು ಬಂದ ಮೊದಲ ಎರಡು ನಿಮಿಷವೂ ಅಲಾರಂ ಸುಮ್ಮನಿರಲಿ.

ಹರಿವು ನಿಂತಿತೆಂದು ಸೆನ್ಸರ್ ಹೇಳಿದಾಗ ಏನನ್ನು ಆರಿಸಬೇಕು? ಹೀಟರ್, ಡೋಸಿಂಗ್, ಯುವಿ. ಇವನ್ನು ತಪ್ಪಾಗಿ ಅರ್ಧ ಗಂಟೆ ಆರಿಸಿದರೂ ಹಾನಿಯಿಲ್ಲ. ರಿಟರ್ನ್ ಪಂಪನ್ನು ಮಾತ್ರ ಈ ಒಂದು ಸೆನ್ಸರಿನ ಮಾತು ಕೇಳಿ ಆರಿಸುವ ಪ್ರೋಗ್ರಾಂ ಬರೆಯಬೇಡಿ. ಚಕ್ರಕ್ಕೆ ಒಂದು ಹುಳು ಸಿಕ್ಕಿ ಪಲ್ಸ್ ನಿಂತರೆ ಚೆನ್ನಾಗಿ ನಡೆಯುತ್ತಿದ್ದ ಪಂಪನ್ನು ನಾವೇ ಕೊಂದಂತಾಗುತ್ತದೆ. ಪಂಪು ನೀರಿಲ್ಲದೆ ಓಡುವುದನ್ನು ತಡೆಯುವುದು ಪಂಪಿನ ಅಂಕಣದ ಫ್ಲೋಟ್ ಸ್ವಿಚ್ಚಿನ ಕೆಲಸ.

ಅಂಕಿಯ ನಡೆ ನೋಡಿಯೇ ಕಾಯಿಲೆ ಹೇಳಬಹುದು. ವಾರಗಟ್ಟಲೆ ನಿಧಾನವಾಗಿ ಇಳಿಯುತ್ತಿದ್ದರೆ ಪೈಪಿನಲ್ಲೋ ಪಂಪಿನಲ್ಲೋ ಚಕ್ರದಲ್ಲೋ ಕೊಳೆ. ಒಮ್ಮೆಲೇ ಅರ್ಧಕ್ಕಿಳಿದರೆ ಪಂಪಿನ ಬಾಯಿಗೆ ಏನೋ ಅಡ್ಡ ಬಂದಿದೆ, ಇಲ್ಲವೇ ಯಾರೋ ವಾಲ್ವ್ ಮುಟ್ಟಿದ್ದಾರೆ. ಅಂಕಿ ಎಡೆಬಿಡದೆ ನಡುಗುತ್ತಿದ್ದರೆ ಗಾಳಿ: ಪಂಪಿನ ಅಂಕಣದಲ್ಲಿ ನೀರು ಕಡಿಮೆಯಾಗಿ ಸುಳಿ ಎದ್ದಿರುತ್ತದೆ. ನೀರು ಹರಿಯುತ್ತಿದ್ದೂ ಶೂನ್ಯ ತೋರಿಸಿದರೆ ಚಕ್ರ ಅಥವಾ ವೈರು. ಕೊಳೆ ಪಂಪಿನದ್ದೋ ಸೆನ್ಸರಿನದ್ದೋ ಎಂಬ ಅನುಮಾನ ಬಂದರೆ ಪಂಪಿನ ವ್ಯಾಟ್ ನೋಡಿ. ಸಾಧಾರಣ ಪಂಪುಗಳಲ್ಲಿ ನಿಜಕ್ಕೂ ಹರಿವು ಕುಗ್ಗಿದರೆ ವ್ಯಾಟ್ ಕೂಡ ಬದಲಾಗುತ್ತದೆ, ಸಾಮಾನ್ಯವಾಗಿ ಇಳಿಯುತ್ತದೆ. ವ್ಯಾಟ್ ಇದ್ದಲ್ಲೇ ಇದ್ದು ಅಂಕಿ ಮಾತ್ರ ಇಳಿದಿದ್ದರೆ ಸೆನ್ಸರನ್ನು ಬಿಚ್ಚಿ. ಅದಕ್ಕೂ ಒಪ್ಪದವರಿಗೆ ಬಕೆಟ್ ಇದ್ದೇ ಇದೆ.

ತೊಳೆಯುವುದು ಉಪ್ಪುನೀರಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ, ಸಿಹಿನೀರಿನಲ್ಲಿ ಆರು ತಿಂಗಳಿಗೊಮ್ಮೆ. ನೀರು ಗಡುಸಾಗಿದ್ದರೆ ಇನ್ನೂ ಬೇಗ. ಬೆಳಕು ಬೀಳುವ ಬಿಳಿ ಪೈಪಿನೊಳಗೆ ಪಾಚಿ ಬೇಗ ಬೆಳೆಯುವುದರಿಂದ ಆ ಭಾಗಕ್ಕೆ ಕಪ್ಪು ಟೇಪ್ ಸುತ್ತಿದರೆ ಅಂತರ ಹೆಚ್ಚಿಸಬಹುದು. ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಕನೆಕ್ಟರ್ ಹೊರಗಿರುವಂತೆ ಒಂದೆರಡು ಗಂಟೆ ನೆನೆಸಿಟ್ಟರೆ ಸುಣ್ಣದ ಪದರವೂ ಕೊಳವೆಹುಳುಗಳ ಚಿಪ್ಪೂ ಬಿಡುತ್ತವೆ. ಆಮ್ಲದ ಜೊತೆಗೆ ಬ್ಲೀಚ್ ಎಂದಿಗೂ ಸೇರಿಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ತಂತಿಯಿಂದ ಕೆರೆಯಬೇಡಿ, ಮೃದುವಾದ ಬ್ರಷ್ ಸಾಕು. ಚೆನ್ನಾಗಿ ತೊಳೆದು, ಬಾಯಿಂದ ಮೆಲ್ಲಗೆ ಊದಿದರೆ ಚಕ್ರ ಸಲೀಸಾಗಿ ತಿರುಗಬೇಕು. ತಡೆತಡೆದು ತಿರುಗಿದರೆ ಅಚ್ಚು ಸವೆದಿದೆ, ಹೊಸದು ತನ್ನಿ. ಮತ್ತೆ ಕೂರಿಸಿದ ದಿನ ಬರುವ ಅಂಕಿ ಹಿಂದಿನ ವಾರದ್ದಕ್ಕಿಂತ ಹೆಚ್ಚೇ ಇರುತ್ತದೆ. ಕ್ಯಾಲಿಬ್ರೇಟ್ ಮಾಡಿದ ದಿನದ ಅಂಕಿಗೆ ಅದನ್ನು ಹೋಲಿಸಿ ನೋಡಿ. ಅಷ್ಟಕ್ಕೆ ಮರಳಿದ್ದರೆ ಸರಿ, ಮರಳದಿದ್ದರೆ ಮುಂದಿನ ಸರದಿ ಪಂಪಿನದ್ದು.

ಇತಿ,
ಅಕ್ವೇರಿಯಂ ಪ್ಲಂಬಿಂಗ್ ಬಲ್ಲ ಒಬ್ಬ ಓದುಗ